ಹಸುರು ಬಣ್ಣದ ಕಾವಲು

ನಮ್ಮ ಕೋಣಂದೂರಿನ ಕಡೆ ಒಂದು ವಸ್ತು ಕಳೆದುಹೋದರೆ ಅದನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಮನೆಯವರನ್ನು ಬೈಯಬೇಕು. ಸಿಗದಿದ್ದರೆ ಅಕ್ಕಪಕ್ಕದವರನ್ನು ಹೆಸರು ಹೇಳದೆ, ಆದರೆ ಅವರಿಗೆ ಕೇಳುವ ಹಾಗೆ ಬೈಯಬೇಕು. ಅದಕ್ಕೂ ಜಗ್ಗದಿದ್ದರೆ ಹೊಳೆಬಾಗಿಲು ದಾಟಿ ಸಿಗಂದೂರಿನ ದೇವಸ್ಥಾನಕ್ಕೆ ಹೋಗಿ, ಅಮ್ಮನಿಗೆ ಹರಕೆ ಹೇಳಿಕೊಂಡು, ಪೂಜೆ ಮಾಡಿಸಿ, 'ಇಲ್ಲಿ ಅಮ್ಮನವರ ಕಾವಲಿದೆ' ಎಂಬ ಬೋರ್ಡು ತಂದು ಹಾಕಬೇಕು. ಪೊಲೀಸರ ಸರದಿ ಬರುವುದು ಇವೆಲ್ಲ ಆದಮೇಲೆ. ಈ ಕ್ರಮದ ಮೂರನೆಯ ಮೆಟ್ಟಿಲಿನಲ್ಲಿ ಅಡ್ಡದಾರಿ ಹಿಡಿದವನು ನನ್ನ ನೆರೆಮನೆಯ ನಟರಾಜ. ಆಮೇಲೆ ಊರಿನಲ್ಲಿ ಏನೇನಾಯಿತು ಎಂಬುದಕ್ಕೆ ನಾನು ಸಾಕ್ಷಿ. ಒಂದು ಮಟ್ಟಿಗೆ ಆರೋಪಿಯೂ ಹೌದು.

ನಟರಾಜ ಇಪ್ಪತ್ತೆಂಟು ವರ್ಷ ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಒಂದು ಸಲ ಹುಂಚ ದಾಟಿದ ಮೇಲೆ ಬಸ್ಸಿನದೊಂದು ಶಾಫ್ಟು ಕೈಕೊಟ್ಟಿತು. ಅದನ್ನು ಹೆಗಲ ಮೇಲೆ ಹೊತ್ತು ಸಿಕ್ಕಿದ ಲಾರಿ ಹತ್ತಿ ಸಾಗರದ ಒಂದು ವರ್ಕ್‌ಶಾಪಿಗೆ ಹೋದ. ಅಲ್ಲಿ ಒಬ್ಬ ಮುದುಕ ಒಂದು ದೊಡ್ಡ ಹಸುರು ಮಷಿನ್ನಿಗೆ ಕಬ್ಬಿಣದ ತುಂಡೊಂದನ್ನು ಕಚ್ಚಿಸಿ ಚಕ್ರ ತಿರುಗಿಸಿದನಂತೆ. ಮೇಲೆ ಹಲ್ಲಿನ ಕಟರ್ ತಿರುಗಿತು, ಕೆಳಗೆ ಟೇಬಲ್ಲಿನ ಮೇಲೆ ಕೂತ ಕಬ್ಬಿಣ ನಿಧಾನವಾಗಿ ಸರಿಯಿತು, ತೆಂಗಿನಕಾಯಿ ತುರಿದ ಹಾಗೆ ಕಬ್ಬಿಣದ ತುರಿ ಉದುರಿತು. ನಟರಾಜ ಬಾಯಿಬಿಟ್ಟು ನೋಡಿದ. ಅದು ಮಿಲ್ಲಿಂಗ್ ಮಷಿನ್ನು. "ಮದುವೆ ಮನೇಲಿ ಜಲಜನ್ನ ನೋಡ್ದಾಗ್ಲೂ ಹಂಗಾಗಿರ್ಲಿಲ್ಲ ಮೇಷ್ಟ್ರೇ" ಎಂದು ಅವನು ನನಗೆ ಹೇಳಿದ್ದುಂಟು. ಹೆಂಡತಿ ಜಲಜಮ್ಮನಿಗೂ ಹೇಳಿದ್ದಾನೆ. ಅವನ ಬುದ್ಧಿ ಅಷ್ಟು.

ಎರಡು ವರ್ಷದ ಹಿಂದೆ ಅವನು ಕಂಡಕ್ಟರ್ ಬ್ಯಾಗು ಕೆಳಗಿಟ್ಟ. ಆ ವರ್ಕ್‌ಶಾಪೂ ಅದೇ ವರ್ಷ ಬಾಗಿಲು ಹಾಕಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಲಾರಿಯಲ್ಲಿ ಮಷಿನ್ನು ಬಂದಿದೆ, ಜೆಸಿಬಿ ಅದನ್ನು ಎತ್ತಿ ಜಲಜಮ್ಮನ ಸೌದೆ ಶೆಡ್ಡಿನೊಳಗೆ ಇಳಿಸುತ್ತಿದೆ, ಜಲಜಮ್ಮ ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾರೆ. ಸಾವಿರ ಕೆ.ಜಿ. ಮೇಲೆ ತೂಕ, ಅರವತ್ತು ವರ್ಷದ ವಯಸ್ಸು, ಮೈತುಂಬ ತುಕ್ಕು. ಮನೆಯ ನಾಯಿ ಕರಿಯ ಮಾತ್ರ ಅದರ ಸುತ್ತ ಮೂರು ಸುತ್ತು ಹಾಕಿ, ಒಂದು ಮೂಲೆಗೆ ಕಾಲೆತ್ತಿ, ಅದನ್ನು ಮನೆಯ ವಸ್ತು ಎಂದು ಒಪ್ಪಿಕೊಂಡಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಜಲಜಮ್ಮನ ತಮ್ಮ ಪೂರ್ಣೇಶ್‌ಗೆ ಶಿವಮೊಗ್ಗದಲ್ಲಿ ಕಂಪ್ಯೂಟರಿನಿಂದ ಓಡುವ ಮಷಿನ್ನುಗಳ ಕಾರ್ಖಾನೆಯಿದೆ. ಯಾರದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಅವನು, "ಭಾವ, ಅದು ಮಷಿನ್ನಲ್ಲ, ಗುಜರಿ. ಅದ್ರ ಟೇಬಲ್ಲು ಅಲ್ಲಾಡ್ತಿರತ್ತೆ. ನೇರಕ್ಕೆ ಒಂದು ಗೆರೆ ಎಳೆಯಕ್ಕೂ ಆಗಲ್ಲ" ಎಂದುಬಿಟ್ಟ. ನಟರಾಜ ಪಾಯಸದ ಕೈಯನ್ನೇ ಎತ್ತಿ ಘೋಷಿಸಿದ: "ಆಯುಧಪೂಜೆ ದಿನ ಅದು ತಿರುಗಿ, ನೇರಕ್ಕೆ ಕಬ್ಬಿಣ ಕಡೀಲಿಲ್ಲ ಅಂದ್ರೆ, ಮಾರನೇ ದಿನ ನಾನೇ ಗುಜರಿಯೋನ್ನ ಕರ್ದು ಕೊಡ್ತೀನಿ!"

ನಲವತ್ತು ಎಲೆಯ ಪಂಕ್ತಿ ಅದು. ಎದುರು ಸಾಲಿನಲ್ಲಿದ್ದ ಜಲಜಮ್ಮ, "ಎಲ್ಲಾರೂ ಕೇಳಿಸ್ಕೊಂಡ್ರಲ್ಲ? ನನ್ ಸೌದೆ ಎರಡು ವರ್ಷದಿಂದ ಜಗಲೀಲಿದೆ" ಎಂದು ಸಾಕ್ಷಿ ಹಾಕಿಸಿದರು.

ಅಂದಿನಿಂದ ಶೆಡ್ಡಿಗೆ 'ನಟರಾಜ್ ಹೆರಿಟೇಜ್ ವರ್ಕ್‌ಶಾಪ್' ಎಂದು ಹೆಸರಾಯಿತು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕೆಂದಾಯಿತು. ಅವನು ಫೋನಿನಲ್ಲಿ ವಿಡಿಯೊ ನೋಡುತ್ತಾ ಒಂದೊಂದೇ ಭಾಗವನ್ನು ಬಿಚ್ಚಿದ, ಡೀಸೆಲ್ಲಿನಲ್ಲಿ ತೊಳೆದ, ತುಕ್ಕು ಉಜ್ಜಿದ, ಹಸುರು ಬಣ್ಣ ಬಳಿದ. ಬಿಚ್ಚುವುದೇನೋ ಸರಿ, ಮತ್ತೆ ಜೋಡಿಸುವಾಗ ಯಾವುದು ಎಲ್ಲಿಗೆ ಎಂದು ಗೊತ್ತಾಗಬೇಕಲ್ಲ? ಅದಕ್ಕೆ ಅವನು ಕಂಡುಕೊಂಡ ಉಪಾಯವನ್ನು ನಾನು ಈಗಲೂ ಮೆಚ್ಚುತ್ತೇನೆ. ಹಳೆಯ ಟಿಕೆಟ್ ಪುಸ್ತಕಗಳು ಅವನ ಪೆಟ್ಟಿಗೆಯಲ್ಲಿ ಬೇಕಾದಷ್ಟಿದ್ದವು. ಪ್ರತಿ ಭಾಗಕ್ಕೂ ಒಂದು ಟಿಕೆಟ್ಟು ಕಟ್ಟಿ, ಅದರ ಮೇಲೆ ಬಸ್ಸಿನ ಸ್ಟೇಜಿನ ಹೆಸರು ಬರೆದ. ಮೊದಲು ಕೂರಬೇಕಾದದ್ದು ತೀರ್ಥಹಳ್ಳಿ. ಆಮೇಲೆ ಕೋಣಂದೂರು, ಹುಂಚ, ಹೊಸನಗರ. ಕೊನೆಯದು ಸಾಗರ. ಸಾಗರ ಕೂತಿತೆಂದರೆ ಮಷಿನ್ನು ಸಿದ್ಧ.

ನೂರಿಪ್ಪತ್ತು ಕೆ.ಜಿ.ಯ ಟೇಬಲ್ಲನ್ನು ಇಳಿಸುವುದಕ್ಕೆ ಅವನು ಶೆಡ್ಡಿನ ತೊಲೆಗೆ ಒಂದು ಚೈನ್ ಪುಲ್ಲಿ ಕಟ್ಟಿದ್ದ. ಭಾರ ಎತ್ತುವ ಒಳ್ಳೆ ಗಟ್ಟಿ ಪುಲ್ಲಿ, ಅದಕ್ಕೂ ಹಸುರು ಬಣ್ಣ. "ಎಲ್ಲಿ ಸಿಕ್ತು ಇದು?" ಎಂದು ಕೇಳಿದೆ. "ಇತ್ತು ಮೇಷ್ಟ್ರೇ, ಅಟ್ಟದ ಮೇಲೆ" ಎಂದು ಅವನು ತಟ್ಟನೆ ಟೀ ತರಲು ಎದ್ದುಹೋದ. ಟೀ ತರಲು ನಟರಾಜ ತಾನಾಗಿ ಏಳುವವನಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು.

ಆಯುಧಪೂಜೆಗೆ ಏಳು ದಿನ ಇರುವಾಗ ಶೆಡ್ಡಿನಿಂದ ಕೂಗು ಕೇಳಿಸಿತು.

"ಹುಂಚ ಇಲ್ಲ! ಮೇಷ್ಟ್ರೇ, ಹುಂಚ ಹೋಯ್ತು!"

ಹುಂಚ ಎಂದರೆ ಒಂದು ಮೊಳ ಉದ್ದದ ಕಬ್ಬಿಣದ ಪಟ್ಟಿ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಮಷಿನ್ನಿನವರು ಅದಕ್ಕೆ ಗಿಬ್ ಎನ್ನುತ್ತಾರೆ. ಟೇಬಲ್ಲಿಗೂ ಅದರ ಕೆಳಗಿನ ಹಾಸಿಗೂ ನಡುವೆ ಬೆಣೆಯ ಹಾಗೆ ಕೂತು, ಟೇಬಲ್ಲು ಅಲ್ಲಾಡದಂತೆ ಹಿಡಿಯುವುದು ಅದರ ಕೆಲಸ. ನೋಡಿದರೆ ಬಚ್ಚಲಿನ ಬಾಗಿಲಿಗೆ ಅಡ್ಡ ಇಡಲು ಲಾಯಕ್ಕು ಅನ್ನಿಸುತ್ತದೆ. ಅದಿಲ್ಲದಿದ್ದರೆ ಮಾತ್ರ ಪೂರ್ಣೇಶ್ ಹೇಳಿದ್ದೇ ನಿಜ, ಮಷಿನ್ನು ಗುಜರಿ. ಬೇರೆ ಮಾಡಿಸೋಣವೆಂದರೆ ಅದನ್ನು ಕಡೆಯಬೇಕಾದದ್ದೂ ಇಂಥದೇ ಒಂದು ಮಷಿನ್ನಿನಲ್ಲಿ, ಮತ್ತು ಹತ್ತಿರದಲ್ಲಿ ಅಂಥದ್ದು ಇರುವುದು ಪೂರ್ಣೇಶನ ಕಾರ್ಖಾನೆಯಲ್ಲಿ.

ನಟರಾಜ ಕ್ರಮಪ್ರಕಾರ ಮೊದಲು ಮನೆಯವರನ್ನು ಬೈದ.

"ನಾನೆಂತಕ್ಕೆ ಮುಟ್ಲಿ ನಿಮ್ ಹುಂಚನ್ನ? ನಂಗೆ ಈ ಮನೇಲಿ ಕಬ್ಬಿಣಕ್ಕೆ ಬರ ಬಂದಿದ್ಯಾ?" ಎಂದರು ಜಲಜಮ್ಮ. "ನಾಯಿ ಸೈತ ಬೊಗಳಿಲ್ಲ. ಕಳ್ಳ ಬಂದಿದ್ರೆ ಕರಿಯ ಸುಮ್ನಿರ್ತಿತ್ತಾ?"

ಆಮೇಲೆ ಅಂಗಳದಲ್ಲಿ ನಿಂತು ಹೆಸರಿಲ್ಲದೆ ಊರಿಗೆಲ್ಲ ಬೈದ. ಏನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಶೆಡ್ಡಿನ ಬಾಗಿಲಿನ ಮೇಲೆ, ರಸ್ತೆಗೆ ಮುಖ ಮಾಡಿ, ಹಸುರು ತಗಡಿನ ಮೇಲೆ ಬಿಳಿ ಅಕ್ಷರದ ಬೋರ್ಡು: 'ಎಚ್ಚರಿಕೆ! ಈ ಜಾಗಕ್ಕೆ ಅಮ್ಮನವರ ಕಾವಲಿದೆ. ತೆಗೆದುಕೊಂಡವರು ಮೂರು ದಿನದೊಳಗೆ ತಂದಿಡತಕ್ಕದ್ದು.'

'ತಂದಿಡತಕ್ಕದ್ದು' ಎಂಬಲ್ಲಿ ಕಂಡಕ್ಟರನ ಕೈವಾಡ ಕಾಣುತ್ತಿತ್ತು. ಯಾರೂ ಗಮನಿಸಲಿಲ್ಲ. ಎಲ್ಲರೂ ಗಮನಿಸಿದ್ದು ಒಂದೇ: ತೆಗೆದುಕೊಂಡವರು, ಅಂದರೆ ಯಾರು, ಏನನ್ನು, ಯಾವಾಗ ಎಂಬುದು ಅದರಲ್ಲಿ ಬರೆದಿರಲಿಲ್ಲ.

ಮೊದಲು ಬಂದವರು ಮೇಲಿನಕೇರಿಯ ಹುಲಿಯಮ್ಮಜ್ಜಿ. ಸೆರಗಿನ ಮರೆಯಿಂದ ಒಂದು ಒರಳಿನ ಗುಂಡು ತೆಗೆದು ಜಗಲಿಯ ಮೇಲಿಟ್ಟರು. "ಜಲಜಾ, ನಿನ್ ಅತ್ತೆ ಇರೋವಾಗ ತಗೊಂಡು ಹೋಗಿದ್ದೆ ಕಣೆ. ಕೊಡಣ ಕೊಡಣ ಅಂತಿದ್ದೆ, ಅಷ್ಟೊತ್ತಿಗೆ ಅವ್ರೇ ಹೋಗ್ಬಿಟ್ರು" ಎಂದರು. ಆ ಅತ್ತೆ ತೀರಿಕೊಂಡು ಹದಿನಾಲ್ಕು ವರ್ಷ.

ಮಧ್ಯಾಹ್ನದೊಳಗೆ ಎರಡು ಕತ್ತಿ, ಒಂದು ಇಡ್ಲಿ ಪಾತ್ರೆ, ಒಂದು ಹಾರೆ, ದೋಸೆ ಕಾವಲಿ ಬಂದವು. ಮರುದಿನದಿಂದ ಕೊಡೆಗಳು ಶುರುವಾದವು. ನಟರಾಜನ ಬಸ್ಸಿನಲ್ಲಿ ಯಾರೋ ಮರೆತು ಇಳಿದ ಕೊಡೆಯನ್ನು ಇನ್ಯಾರೋ ಹಿಡಿದುಕೊಂಡು ಹೋಗುವುದು ಇಪ್ಪತ್ತೆಂಟು ವರ್ಷದಿಂದ ನಡೆದುಬಂದ ಪದ್ಧತಿ. ಆ ಕೊಡೆಗಳೆಲ್ಲ ಈಗ ಕಂಡಕ್ಟರನ ಮನೆ ಹುಡುಕಿಕೊಂಡು ಬಂದವು. ಹೊಸನಗರದಿಂದ ಒಬ್ಬರು ಬಸ್ಸಿನಲ್ಲೇ ಬಂದು, ಅದೇ ಬಸ್ಸಿನ ಕೊಡೆ ಕೊಟ್ಟು, ಮುಂದಿನ ಬಸ್ಸಿಗೆ ನೆನೆಯುತ್ತಾ ಹೋದರು. ಮೂರನೆಯ ದಿನಕ್ಕೆ ಲೆಕ್ಕ ಹಾಕಿದರೆ ನಲವತ್ತೊಂದು ಕೊಡೆ.

ಪೂರ್ಣೇಶ್ ಶಿವಮೊಗ್ಗದಿಂದ ಫೋನು ಮಾಡಿದ. "ಭಾವ, ಬೋರ್ಡಿನ ಫೋಟೊ ವಾಟ್ಸ್ಯಾಪಲ್ಲಿ ಬಂತು. ನಂಗೆ ಇದ್ರಲ್ಲೆಲ್ಲ ನಂಬ್ಕೆ ಇಲ್ಲ. ಆದ್ರೂ ಅಕ್ಕನ ಮಿಕ್ಸಿ ಜಾರು ನಮ್ಮನೇಲಿದೆ, ನಾಳೆ ಬಸ್ಸಿಗೆ ಹಾಕ್ತೀನಿ."

ಇಲ್ಲಿ ನನ್ನ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಕಾರ್ಯಕಾರಣ ಸಂಬಂಧವಿಲ್ಲದ ಯಾವುದನ್ನೂ ಒಪ್ಪುವವನಲ್ಲ. ಆದರೂ ನಟರಾಜನ ಏಣಿ ನನ್ನ ಮನೆಯ ಹಿಂದೆ ಐದು ವರ್ಷದಿಂದ ಇದೆ ಎಂಬುದು ಎರಡನೆಯ ದಿನ ಇದ್ದಕ್ಕಿದ್ದಂತೆ ನೆನಪಾಯಿತು. ಬೆಳಿಗ್ಗೆ ಐದೂವರೆಗೆ ಅದನ್ನು ಹೊತ್ತು ಹೋಗಿ ಅವನ ಗೋಡೆಗೆ ಒರಗಿಸಿ ಬಂದೆ. ಅದು ವ್ಯಾಯಾಮಕ್ಕೆ.

ಎಲ್ಲವೂ ಬಂತು, ಹುಂಚ ಮಾತ್ರ ಬರಲಿಲ್ಲ.

ಬಂದದ್ದು ಹೊರಠಾಣೆಯ ಕಾನ್‌ಸ್ಟೇಬಲ್ ನಿಶಾಂತ್. ಜಗಲಿಯ ಮೇಲಿನ ರಾಶಿಯನ್ನು ನೋಡಿ ಅವನ ಕಣ್ಣು ಅರಳಿತು. "ನಟರಾಜಣ್ಣ, ಇಷ್ಟು ಮಾಲು ಒಂದೇ ಮನೇಲಿ ಸಿಕ್ಕಿದ್ರೆ ನಾವು ಮಹಜರು ಮಾಡ್ಬೇಕಾಗತ್ತೆ. ಇದೆಲ್ಲ ಕದ್ದ ಮಾಲಾ?"

"ಕದ್ದದ್ದಲ್ಲ ಮಾರಾಯ, ವಾಪಸ್ ಬಂದದ್ದು!"

"ವಾಪಸ್ ಬಂತು ಅಂದ್ರೆ ಮೊದ್ಲು ಹೋಗಿತ್ತು ಅಂತಾಯ್ತಲ್ಲ? ಕಂಪ್ಲೇಂಟ್ ಎಂತಕ್ಕೆ ಕೊಡ್ಲಿಲ್ಲ?"

"ಹೋಗಿದ್ದು ನಂಗೇ ಗೊತ್ತಿರ್ಲಿಲ್ಲ!"

ನಿಶಾಂತ್ ಪುಸ್ತಕದಲ್ಲಿ ಏನೋ ಬರೆದು, ಏನು ಬರೆದೆನೆಂದು ತನಗೇ ತಿಳಿಯದೆ ಹೊಡೆದುಹಾಕಿದ. ಹೊರಡುವಾಗ ಬೋರ್ಡನ್ನು ಓರೆಗಣ್ಣಿನಲ್ಲಿ ನೋಡಿ, "ಅಣ್ಣ, ಮೂರು ದಿನ ಅಂದ್ರೆ ಇವತ್ತಿಗೆ ಮುಗೀತಾ, ನಾಳೆಗಾ?" ಎಂದು ಕೇಳಿದ. ಸಂಜೆ ನಲವತ್ತೆರಡನೆಯ ಕೊಡೆ ಬಂತು. ಯಾರು ತಂದದ್ದೆಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ಬಂದವನು ಹೂವಯ್ಯ. ಐದು ಮನೆ ಆಚೆಯ ಹೂವಯ್ಯನಿಗೂ ನಟರಾಜನಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಕಾರಣ ಇಬ್ಬರೂ ಹೇಳುತ್ತಿರಲಿಲ್ಲ. ಹೂವಯ್ಯನ ಹೆಂಡತಿ ಪುಷ್ಪಮ್ಮನೂ ಜಲಜಮ್ಮನೂ ಮಾತ್ರ ಬಾವಿಕಟ್ಟೆಯಲ್ಲಿ ಎರಡು ಮನೆಯ ಮಾತನ್ನೂ ಆಡಿ ಮುಗಿಸುತ್ತಿದ್ದರು. ಹೂವಯ್ಯ ರಸ್ತೆಯಲ್ಲೇ ನಿಂತು ಬೋರ್ಡು ಓದಿದ. ರಾಶಿ ನೋಡಿದ. ಬಾಗಿಲಿನಿಂದ ತಲೆಯೆತ್ತಿ ತೊಲೆಯನ್ನೂ ನೋಡಿದ. ಕರಿಯ ಬಾಲ ಅಲ್ಲಾಡಿಸುತ್ತಾ ಹೋಗಿ ಅವನ ಕಾಲು ನೆಕ್ಕಿತು.

"ಬೋರ್ಡು ಚೆನ್ನಾಗಿದೆ" ಎಂದು ಅವನು ನಾಯಿಗೆ ಹೇಳಿದ. "ಮಷಿನ್ನಿಗೆ ಬಳ್ದಿರೋ ಬಣ್ಣನೇ ಬೋರ್ಡಿಗೂ ಬಳ್ದಿದಾರೆ. ಅಲ್ಲಿ ಕೊಡೋ ಬೋರ್ಡು ಈ ಬಣ್ಣದ್ದಲ್ಲ ಅಂತ ಕಾಣತ್ತೆ." ಹಾಗೆಂದು ಹೊರಟುಹೋದ.

ಜಲಜಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಹೌದ್ರಾ? ನೀವು ಸಿಗಂದೂರಿಗೆ ಹೋಗಿದ್ದು ಯಾವಾಗ?"

ನಟರಾಜ ನನ್ನ ಮುಖ ನೋಡಿದ. ನಾನು ಏಣಿಯ ಮುಖ ನೋಡಿದೆ.

"ಹೋಗಣ ಅಂತಿದ್ದೆ. ಟೈಮಿರ್ಲಿಲ್ಲ. ಡಬ್ಬದ ತಳದಲ್ಲಿ ಒಂಚೂರು ಬಣ್ಣ ಉಳ್ದಿತ್ತು..."

"ಅಮ್ಮನ ಹೆಸ್ರಲ್ಲಿ ಡೂಪ್ಲಿಕೇಟ್ ಬೋರ್ಡಾ!" ಜಲಜಮ್ಮ ಎರಡೂ ಕೆನ್ನೆಗೆ ಹೊಡೆದುಕೊಂಡರು. "ಊರೋರೆಲ್ಲ ನಿಜ ಅಂತ ಒರಳಿನ ಗುಂಡು ಹೊತ್ಕೊಂಡು ಬಂದ್ರಲ್ರೀ! ಇನ್ನು ಆ ಪುಲ್ಲಿ ವಿಷಯ. ಹೂವಯ್ಯಣ್ಣ ಅದನ್ನ ಯಾಕೆ ಹಂಗೆ ನೋಡಿದ್ರು?"

ನಟರಾಜ ಮಷಿನ್ನಿನ ಬುಡದಲ್ಲಿ ಕುಸಿದು ಕೂತ. ಒಂಬತ್ತು ವರ್ಷದ ಹಿಂದೆ ಬಾವಿಯ ಪಂಪು ಎತ್ತುವುದಕ್ಕೆಂದು ಎರಡು ದಿನದ ಮಟ್ಟಿಗೆ ಹೂವಯ್ಯನ ಚೈನ್ ಪುಲ್ಲಿ ತಂದಿದ್ದನಂತೆ. ತಿಂಗಳು ಬಿಟ್ಟು ಹೂವಯ್ಯ ಕೇಳಿದಾಗ ಇವನಿಗೆ ಕೊಟ್ಟ ಹಾಗೇ ನೆನಪು. "ಕೊಟ್ಟಿದೀನಲ್ಲ ಅಣ್ಣ" ಎಂದ. "ಕೊಟ್ಟಿಲ್ಲ" ಎಂದ ಹೂವಯ್ಯ. ಮಾತಿಗೆ ಮಾತು ಬೆಳೆದು ಮಾತೇ ನಿಂತಿತು. ಮೂರು ವರ್ಷ ಕಳೆದು ಅಟ್ಟ ಗುಡಿಸುವಾಗ ಗೋಣಿಯ ಅಡಿಯಲ್ಲಿ ಪುಲ್ಲಿ ಸಿಕ್ಕಿತು.

"ಆಗ್ಲೇ ಕೊಡ್ಬೇಕಿತ್ತು ಮೇಷ್ಟ್ರೇ. ನಾಚ್ಕೆ ಆಯ್ತು. ಒಂದು ವರ್ಷ ತಡೆದೆ. ತಡ್ದಷ್ಟೂ ನಾಚ್ಕೆ ಜಾಸ್ತಿ ಆಯ್ತು." ಅವನ ಕಣ್ಣಿನಲ್ಲಿ ನೀರಿತ್ತು. ಕೊಂಡಿಯ ಮೇಲೆ ಕೆಂಪು ಬಣ್ಣದಲ್ಲಿ 'ಹೂ' ಎಂದಿತ್ತಂತೆ. ಹಸುರು ಬಳಿದದ್ದು ಅದಕ್ಕೇ.

"ಈಗ್ಲೇ ಹೋಗಿ ಕೊಡಿ. ಕೊಡೋ ತನಕ ನಾನು ದೇವರಿಗೆ ದೀಪ ಹಚ್ಚಲ್ಲ" ಎಂದರು ಜಲಜಮ್ಮ.

"ಕೊಟ್ರೆ ಟೇಬಲ್ಲು ಎತ್ತೋದು ಹೆಂಗೆ? ಹುಂಚನೂ ಇಲ್ಲ, ಪುಲ್ಲೀನೂ ಇಲ್ಲ. ಪೂಜೆಗೆ ಮೂರೇ ದಿನ."

ಜಲಜಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು. ನಟರಾಜ ಎದ್ದು ಮಷಿನ್ನಿನ ಮೈಯನ್ನು ಎಮ್ಮೆಯ ಮೈ ಸವರಿದ ಹಾಗೆ ಒಮ್ಮೆ ಸವರಿದ. ಆಮೇಲೆ ಏಣಿ ಹಾಕಿ ಹತ್ತಿ ಪುಲ್ಲಿ ಬಿಚ್ಚಿದ. ನಾನು ಹಿಂದಿರುಗಿಸಿದ ಏಣಿ ಹೀಗೆ ಒಂದು ಸತ್ಕಾರ್ಯಕ್ಕೆ ಒದಗಿತು ಎಂದು ದಾಖಲಿಸಲು ಇಷ್ಟಪಡುತ್ತೇನೆ.

ಪುಲ್ಲಿಯನ್ನು ಅವನು ಹೆಗಲ ಮೇಲೆ ಹೊತ್ತ, ಸರಪಳಿಯ ಬಾಲವನ್ನು ನಾನು ಹಿಡಿದೆ. ಐದು ಮನೆ ದಾಟುವಷ್ಟರಲ್ಲಿ ಎಲ್ಲ ಕಿಟಕಿಗಳಲ್ಲೂ ತಲೆಗಳಿದ್ದವು. ಹುಲಿಯಮ್ಮಜ್ಜಿ, "ಅಯ್ಯೋ, ಬೋರ್ಡು ಹಾಕ್ದೋನೇ ವಾಪಸ್ ಕೊಡಕ್ಕೆ ಹೊಂಟಿದಾನಲ್ರೋ!" ಎಂದು ಬೀದಿಗೆ ಪ್ರಕಟಿಸಿದರು.

ಹೂವಯ್ಯ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಾ ಕೂತಿದ್ದ. ನಟರಾಜ ಪುಲ್ಲಿಯನ್ನು ಅವನ ಕಾಲ ಬುಡದಲ್ಲಿಟ್ಟ.

"ಹೂವಯ್ಯಣ್ಣ, ನಂದು ತಪ್ಪಾಯ್ತು. ಕೊಟ್ಟಿರ್ಲಿಲ್ಲ. ಅಟ್ಟದಲ್ಲೇ ಇತ್ತು. ಗೊತ್ತಾದ ಮೇಲೂ ತರ್ಲಿಲ್ಲ."

ಹೂವಯ್ಯ ಕವಳ ಉಗುಳಲು ಎದ್ದುಹೋದವನು ಬೇಕೆಂದೇ ನಿಧಾನ ಮಾಡಿದ. ಬಂದು ಪುಲ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಸುರು ಬಣ್ಣ ಎಂತಕ್ಕೆ ಬಳ್ದೆ? ಮೊದ್ಲಿನ್ದೇ ಚೆನ್ನಾಗಿತ್ತು." ಮತ್ತೆ ಒಳಗೆ ತಿರುಗಿ, "ಪುಷ್ಪಾ, ಅದನ್ನ ತಗಂಬಾ" ಎಂದ.

ಪುಷ್ಪಮ್ಮ ಒಂದು ಹಳೆಯ ಪಂಚೆಯ ಗಂಟು ತಂದರು. ಬಿಚ್ಚಿದರೆ ಒಳಗೆ ಎಣ್ಣೆ ಹಚ್ಚಿ ಒರೆಸಿದ ಒಂದು ಮೊಳದ ಕಬ್ಬಿಣದ ಪಟ್ಟಿ. ಅದಕ್ಕೆ ಕಟ್ಟಿದ ಟಿಕೆಟ್ಟಿನ ಮೇಲೆ ನಟರಾಜನದೇ ಅಕ್ಷರ: ಹುಂಚ.

"ಹೂವಯ್ಯಣ್ಣ!"

"ಕರಿಯನಿಗೆ ಬಿಸ್ಕತ್ ಹಾಕಕ್ಕೆ ಬಂದಿದ್ದೆ. ಬಾಗ್ಲು ತೆರ್ದಿತ್ತು. ನೋಡ್ತೀನಿ, ನನ್ ಪುಲ್ಲಿ ಹಸುರು ಅಂಗಿ ಹಾಕ್ಕೊಂಡು ನೇತಾಡ್ತಿದೆ. ತಲೆ ಕೆಟ್ಟೋಯ್ತು. ಕೈಗೆ ಸಿಕ್ಕಿದ್ದು ತಗಂಡೆ. ಒಂದಕ್ಕೊಂದು ಅಡ ಇರ್ಲಿ, ನೀನು ಅದ್ ತಂದ ದಿನ ಇದ್ ಕೊಡಣ ಅಂತ."

"ಮತ್ತೆ ಬೋರ್ಡಿಗೆ ಹೆದ್ರಿಕೆ ಆಗ್ಲಿಲ್ವಾ?" ಎಂದು ನಾನು ಕೇಳಿದೆ. ವೈಜ್ಞಾನಿಕ ಕುತೂಹಲ.

"ನಾನೆಂತಕ್ಕೆ ಹೆದರ್ಲಿ ಮೇಷ್ಟ್ರೇ? ನನ್ ಮಾಲು ಅವನ ಶೆಡ್ಡೊಳಗೆ ಇರೋವಾಗ ಅಮ್ಮನ ಕಾವಲು ನನ್ ಮಾಲಿಗೇ ಅಲ್ವ?"

ಒಳಬಾಗಿಲಿನಿಂದ ಪುಷ್ಪಮ್ಮ, "ಹೆದ್ರಿಕೆ ಇಲ್ವಂತೆ! ಮೂರು ದಿನದಿಂದ ಸರಿಯಾಗಿ ಅನ್ನ ಉಂಡಿಲ್ಲ. ದಿನಾ ಆ ಪಟ್ಟಿಗೆ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು" ಎಂದರು.

ನಟರಾಜನಿಗೆ ನಗು ಬಂತು. ಹೂವಯ್ಯನಿಗೂ ಬಂತು. ಒಂಬತ್ತು ವರ್ಷದ ನಗು, ಬೇಗ ನಿಲ್ಲಲಿಲ್ಲ. ಆಮೇಲೆ ಹೂವಯ್ಯ ಪುಲ್ಲಿಯನ್ನು ತಾನೇ ಹೆಗಲಿಗೇರಿಸಿ ಮೆಟ್ಟಿಲಿಳಿದ. "ನಡಿ. ಟೇಬಲ್ಲು ಎತ್ತದು ಒಬ್ಬನ ಕೈಲಾಗೋ ಕೆಲ್ಸನಾ? ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಎರಡು ದಿನ ಆ ಶೆಡ್ಡಿನಲ್ಲಿ ಇಬ್ಬರೂ ಸೇರಿ ಮಾಡಿದ ಗದ್ದಲಕ್ಕೆ ಹೋಲಿಸಿದರೆ ಮಾತಿಲ್ಲದ ಒಂಬತ್ತು ವರ್ಷ ಊರಿಗೆ ನೆಮ್ಮದಿಯಾಗಿತ್ತು. ತೀರ್ಥಹಳ್ಳಿ ಕೂತಿತು, ಕೋಣಂದೂರು ಕೂತಿತು. ಟೇಬಲ್ಲು ಮೇಲೇರಿತು. ಹುಂಚ ತನ್ನ ಜಾಗದಲ್ಲಿ ಬೆಣ್ಣೆಯ ಹಾಗೆ ಜಾರಿ ಕೂತಿತು. ಎಣ್ಣೆ ಹಚ್ಚಿದ್ದು ತಾನೆಂದು ಹೂವಯ್ಯ ಅರ್ಧ ಗಂಟೆ ಹೇಳಿಕೊಂಡ.

ಆಯುಧಪೂಜೆಯ ದಿನ ಅಂಗಳ ತುಂಬ ಜನ. ಪೂರ್ಣೇಶ್ ಮಿಕ್ಸಿ ಜಾರಿನ ಮುಚ್ಚಳ ಹಿಡಿದುಕೊಂಡು ಬಂದಿದ್ದ. ಬಸ್ಸಿಗೆ ಹಾಕುವಾಗ ಅದನ್ನು ಮರೆತಿದ್ದನಂತೆ. ಮಷಿನ್ನಿಗೆ ಸೇವಂತಿಗೆ ಹಾರ, ಕುಂಕುಮ. ಬೂದುಗುಂಬಳ ಒಡೆದು, ಟೇಬಲ್ಲಿನ ಮೇಲೆ ಜಲಜಮ್ಮ ಒಂದು ನಿಂಬೆಹಣ್ಣು ಇಟ್ಟಿದ್ದರು. ನಟರಾಜ ಸ್ವಿಚ್ಚಿನ ಮೇಲೆ ಕೈಯಿಟ್ಟು, ಎಲ್ಲರ ಕಡೆ ತಿರುಗಿ, ಇಪ್ಪತ್ತೆಂಟು ವರ್ಷದ ದನಿಯಲ್ಲಿ ಕೂಗಿದ:

"ರೈಟ್! ರೈಟ್!"

ಕಟರ್ ತಿರುಗಿತು. ನಟರಾಜ ಚಕ್ರ ತಿರುಗಿಸಿದ ಹಾಗೆ ಟೇಬಲ್ಲು ಸರಿಯತೊಡಗಿತು. ಅದರ ಮೇಲೆ ಹೂವಯ್ಯನ ಟಿಲ್ಲರಿನದೊಂದು ಶಾಫ್ಟು, ಪಕ್ಕದಲ್ಲಿ ನಿಂಬೆಹಣ್ಣು. ಕಬ್ಬಿಣದ ತುರಿ ಉದುರಿತು. ಈ ತುದಿಯಿಂದ ಆ ತುದಿಯವರೆಗೆ ಟೇಬಲ್ಲು ಹೋಯಿತು, ನಿಂಬೆಹಣ್ಣು ಇಟ್ಟಲ್ಲಿಂದ ಉರುಳಲಿಲ್ಲ. ಪೂರ್ಣೇಶ್ ಕಡೆದ ಜಾಗದ ಮೇಲೆ ಹೆಬ್ಬೆರಳು ಓಡಿಸಿದ. ಜೇಬಿನಿಂದ ಸ್ಕೇಲು ತೆಗೆದು ಇಟ್ಟು ನೋಡಿದ. ಸ್ಕೇಲಿನ ಅಡಿಯಲ್ಲಿ ಬೆಳಕು ಕಾಣಲಿಲ್ಲ.

"ಭಾವ, ನನ್ ಕಾರ್ಖಾನೇಲಿ ಒಂದು ಹಳೆ ಲೇತ್ ಇದೆ" ಎಂದ ಮೆಲ್ಲನೆ. "ತಂದ್ರೆ ಹಿಂಗೇ ಮಾಡಿಕೊಡ್ತೀರಾ?"

ನಟರಾಜ ಉತ್ತರ ಕೊಡುವ ಮೊದಲು ಹೆಂಡತಿಯ ಮುಖ ನೋಡಿದ. ಜಲಜಮ್ಮ ಜಗಲಿಯ ಸೌದೆಯ ಮುಖ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಕೊಟ್ಟಿಗೆ ಖಾಲಿ ಇದೆ" ಎಂದರು. ನನ್ನ ಗೆಳೆಯನನ್ನು ಅಷ್ಟು ಸಂತೋಷದಲ್ಲಿ ನಾನು ಎಂದೂ ನೋಡಿರಲಿಲ್ಲ. ನನಗೂ ಸಂತೋಷವಾಯಿತು.

ಕೊಡೆಗಳನ್ನು ಒಂದೊಂದಕ್ಕೂ ಟಿಕೆಟ್ಟು ಕಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನೇತುಹಾಕಿದೆವು. ಎರಡು ದಿನದಲ್ಲಿ ಖಾಲಿಯಾದವು. ಹೋದದ್ದು ನಿಜವಾದ ಯಜಮಾನರ ಕೈಗೋ ಎಂದು ವಿಚಾರಿಸುವ ಉತ್ಸಾಹ ಯಾರಿಗೂ ಉಳಿದಿರಲಿಲ್ಲ.

ಹಬ್ಬ ಕಳೆದ ಮಂಗಳವಾರ ಎರಡೂ ಮನೆಯವರು ಹೊಳೆಬಾಗಿಲು ದಾಟಿ ಹೋಗಿ ಅಮ್ಮನ ಮುಂದೆ ತಪ್ಪೊಪ್ಪಿಕೊಂಡು, ಪೂಜೆ ಮಾಡಿಸಿ, ನಿಜವಾದ ಬೋರ್ಡು ತಂದರು. ಹಸುರು ತಗಡು ಈಗ ಕರಿಯನ ಗೂಡಿಗೆ ಸೂರಾಗಿದೆ. ಮರುದಿನ ನಾನು ಶೆಡ್ಡಿಗೆ ಹೋದಾಗ ಬಾಗಿಲಿನ ಮೇಲೆ ಏನೂ ಕಾಣಲಿಲ್ಲ. ಒಳಗೆ ಕಾಲಿಟ್ಟು ತಿರುಗಿದರೆ, ಅದೇ ಬಾಗಿಲಿನ ಒಳಮೈಗೆ, ಮಷಿನ್ನಿನ ಮುಂದೆ ನಿಂತು ಕೆಲಸ ಮಾಡುವವನ ಕಣ್ಣಿಗೆ ನೇರವಾಗಿ ಬೋರ್ಡು ಹೊಡೆದಿದೆ.

"ಜಲಜಮ್ಮ, ಇದನ್ನ ಒಳಮುಖ ಹೊಡೆದಿದೀರಲ್ಲ, ರಸ್ತೆಗೆ ಕಾಣಬೇಡವಾ?" ಎಂದು ಕೇಳಿದೆ.

ಜಲಜಮ್ಮ ಜಗಲಿಯಲ್ಲಿ ಸೌದೆ ಒಟ್ಟುತ್ತಾ, ತಲೆಯೆತ್ತದೆ ಹೇಳಿದರು: "ಹೊರಗಿನ ಕಳ್ಳರಿಗೆ ನಾಯಿ ಇದೆ ಮೇಷ್ಟ್ರೇ."